ಡ್ರೆಸ್ಡನ್‌ನಲ್ಲೊಬ್ಬ ಗಮಕಿ

ಡ್ರೆಸ್ಡನ್‌ಗೆ ಹೋದವರೆಲ್ಲ ಫ್ರೌವನ್‌ಕಿರ್ಷೆಯ ಫೋಟೊ ಹಾಕ್ತಾರೆ. ಹಾಕಲೇಬೇಕು ಬಿಡಿ, ಅಷ್ಟು ಚೆಂದದ ಗುಮ್ಮಟ. 1945ರ ಫೆಬ್ರವರಿಯಲ್ಲಿ ಬಾಂಬ್ ದಾಳಿಯ ಬೆಂಕಿಗೆ ಕುಸಿದು, ದಶಕಗಳ ಕಾಲ ಕಲ್ಲಿನ ಗುಡ್ಡೆಯಾಗಿ ಬಿದ್ದಿದ್ದು, 2005ರಲ್ಲಿ ಮತ್ತೆ ಬಾಗಿಲು ತೆರೆದ ಚರ್ಚು ಅದು. ಸುಟ್ಟು ಕಪ್ಪಾದ ಹಳೆಯ ಕಲ್ಲುಗಳನ್ನೂ ಹೊಸ ಬಿಳಿ ಕಲ್ಲುಗಳನ್ನೂ ಸೇರಿಸಿ ಕಟ್ಟಿದ್ದಾರೆ. ಆದರೆ ನಾನು ಹೇಳಹೊರಟಿರುವುದು ಅಲ್ಲಿಂದ ಐದಾರು ನಿಮಿಷ ನಡೆದರೆ ಸಿಗುವ ಇನ್ನೊಂದು ಚರ್ಚಿನ ವಿಷಯ. ಆಲ್ಟ್‌ಮಾರ್ಕ್ಟ್ ಎಂಬ ಹಳೆಯ ಪೇಟೆ ಚೌಕದ ಮೂಲೆಯಲ್ಲಿದೆ. ಹೆಸರು ಕ್ರಾಯ್ಟ್ಸ್‌ಕಿರ್ಷೆ. ಶಿಲುಬೆಯ ಚರ್ಚು ಅಂತ ಅರ್ಥ.

ಒಳಗೆ ಕಾಲಿಟ್ಟ ಕೂಡಲೇ ನಮ್ಮಂಥವರಿಗೆ ಅನಿಸುವುದು, ಅಯ್ಯೋ, ಕೆಲಸ ಇನ್ನೂ ಮುಗಿದಿಲ್ವಾ ಅಂತ. ಗೋಡೆಗೆ ಬಣ್ಣವಿಲ್ಲ, ಚಿನ್ನದ ರೇಖು ಇಲ್ಲ. ನಯ ಮಾಡದ ಬೂದು ಗಾರೆ, ಅಷ್ಟೇ. ಅದೇ ಬೆಂಕಿಯಲ್ಲಿ ಒಳಭಾಗ ಪೂರ್ತಿ ಸುಟ್ಟಿತ್ತು. ಯುದ್ಧದ ನಂತರ ತಾತ್ಕಾಲಿಕ ಎಂದು ಒರಟು ಗಾರೆ ಬಳಿದು, 1955ರ ಫೆಬ್ರವರಿ 13ಕ್ಕೆ, ಅಂದರೆ ದಾಳಿಯಾಗಿ ಸರಿಯಾಗಿ ಹತ್ತು ವರ್ಷಕ್ಕೆ, ಚರ್ಚನ್ನು ಮತ್ತೆ ಪೂಜೆಗೆ ತೆರೆದರು. ಆ ತಾತ್ಕಾಲಿಕ ಗಾರೆ ಇವತ್ತಿಗೂ ಹಾಗೇ ಇದೆ. ಊರಿನವರಿಗೆ ಅದೇ ಇಷ್ಟವಾಗಿಬಿಟ್ಟಿದೆ. ನನಗೂ.

ನಾನು ಅಲ್ಲಿಗೆ ಹೋಗಿದ್ದು ಸಂಗೀತ ಕೇಳಲಿಕ್ಕೂ ಅಲ್ಲ, ಪ್ರವಾಸಕ್ಕೂ ಅಲ್ಲ, ಆಫೀಸ್ ಕೆಲಸಕ್ಕೆ. ಡ್ರೆಸ್ಡನ್ ಸುತ್ತಮುತ್ತ ಚಿಪ್ ತಯಾರಿಸುವ ಕಾರ್ಖಾನೆಗಳು ಸಾಕಷ್ಟಿವೆ. 'ಸಿಲಿಕಾನ್ ಸ್ಯಾಕ್ಸನಿ' ಅಂತ ಹೆಸರೇ ಬಿದ್ದಿದೆ. ಬೆಂಗಳೂರಿನಿಂದ ಅಂಥದ್ದೊಂದು ಕಾರ್ಖಾನೆಯ ಸಾಫ್ಟ್‌ವೇರ್ ಕೆಲಸಕ್ಕೆ ನವೆಂಬರ್‌ನಿಂದ ಮಾರ್ಚ್‌ವರೆಗೆ ನನ್ನನ್ನು ಕಳಿಸಿದ್ದರು. ಚಳಿಗಾಲದಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಭಾನುವಾರ ಅಂಗಡಿಗಳೂ ಇಲ್ಲ. ಹೊಸಬರಿಗೆ ಇರುವುದು ಎರಡೇ ದಾರಿ: ಒಂದೋ ಮೊಬೈಲ್ ಹಿಡಿದು ರೂಮಿನಲ್ಲಿ ಕೊಳೆಯೋದು, ಇಲ್ಲಾ ಊರವರು ಎಲ್ಲಿಗೆ ಹೋಗ್ತಾರೋ ಅಲ್ಲಿಗೆ ಹಿಂದಿನಿಂದ ಹೋಗೋದು. ನಮ್ಮ ತಂಡದಲ್ಲಿ ನಿವೃತ್ತಿಯ ಹತ್ತಿರ ಬಂದಿದ್ದ ಒಬ್ಬ ಹಿರಿಯ ಎಂಜಿನಿಯರ್ ಇದ್ದರು, ಪಕ್ಕಾ ಡ್ರೆಸ್ಡನ್ ಮನುಷ್ಯ. ಒಂದು ಶುಕ್ರವಾರ ಊಟದ ಹೊತ್ತಲ್ಲಿ, "ನಿಮ್ಮ ದೇಶದಲ್ಲಿ ದೇವರ ಕಥೆಯನ್ನು ಹಾಡ್ತಾರಾ, ಓದ್ತಾರಾ?" ಅಂತ ಕೇಳಿದರು. ನಾನು ಗಮಕದ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲ್‌ನಲ್ಲಿ ಒಂದು ಹೆಸರು ಟೈಪ್ ಮಾಡಿ ತೋರಿಸಿದರು. ಪೀಟರ್ ಶ್ರೈಯರ್. "ಹಾಗಾದ್ರೆ ನಿಮಗೆ ಇವನು ಅರ್ಥ ಆಗ್ತಾನೆ" ಅಂದರು.

ಅವರು ಹೇಳಿದ ಧ್ವನಿಮುದ್ರಣ 1970ರದ್ದು. ಯೋಹಾನ್ ಸೆಬಾಸ್ಟಿಯನ್ ಬಾಖ್‌ನ 'ಸೇಂಟ್ ಮ್ಯಾಥ್ಯೂ ಪ್ಯಾಶನ್'. ಈಗ ಯಾವ ಮ್ಯೂಸಿಕ್ ಆ್ಯಪ್‌ನಲ್ಲೂ ಸಿಗುತ್ತೆ. ಮೂರು ಗಂಟೆಗಳ ಆಸುಪಾಸು. ಗಾಬರಿ ಆಗಬೇಡಿ, ನಾನೂ ಒಂದೇ ಸಲಕ್ಕೆ ಕೇಳಿದ್ದಲ್ಲ. ಟ್ರಾಮ್‌ನಲ್ಲಿ ಹೋಗಿ ಬರುವ ಸಮಯದಲ್ಲಿ ತುಂಡು ತುಂಡಾಗಿ ಒಂದು ವಾರ ಕೇಳಿದೆ.

ಇದರ ರಚನೆ ಒಮ್ಮೆ ತಿಳಿದರೆ ಉಳಿದಿದ್ದು ಸಲೀಸು. ಬೈಬಲ್‌ನ ಮತ್ತಾಯನ ಸುವಾರ್ತೆಯಲ್ಲಿ ಯೇಸುವಿನ ಕೊನೆಯ ದಿನಗಳ ಕಥೆ ಬರುತ್ತಲ್ಲ, ಎರಡು ಅಧ್ಯಾಯ, ಅದನ್ನು ಅಕ್ಷರವೂ ಬಿಡದಂತೆ ಹಾಡುತ್ತಾರೆ. ಕಥೆ ಹೇಳುವವನು ಒಬ್ಬನೇ, ಒಬ್ಬ ಟೆನರ್. ಗಂಡುದನಿಗಳಲ್ಲಿ ಎತ್ತರದ ಶ್ರುತಿಯದ್ದು ಅಂತಿಟ್ಟುಕೊಳ್ಳಿ. ಅವನನ್ನು ಇವಾಂಜೆಲಿಸ್ಟ್ ಅಂತಾರೆ, ಸುವಾರ್ತೆ ಹೇಳುವವನು. ಅವನ ಹಿಂದೆ ಆರ್ಗನ್ ಮತ್ತು ಚೆಲ್ಲೋ ಆಗಾಗ ಒಂದೊಂದು ಸ್ವರ ಇಡುತ್ತವೆ, ಅಷ್ಟೇ. ತಾಳದ ಕಟ್ಟು ಇಲ್ಲ. ಮಾತಿನ ಓಟವೇ ಲಯ. ಕಥೆಯೊಳಗಿನ ಯೇಸು, ಪೇತ್ರ, ಯೂದ, ಪಿಲಾತ ಇವರ ಮಾತು ಬಂದಾಗ ಬೇರೆ ಗಾಯಕರು ಹಾಡುತ್ತಾರೆ. ಯೇಸು ಹಾಡುವಾಗ ಮಾತ್ರ ಪಿಟೀಲುಗಳ ಗುಂಪು ಮೆಲ್ಲಗೆ ಸುತ್ತಿಕೊಳ್ಳುತ್ತದೆ, ಚಿತ್ರಪಟದಲ್ಲಿ ತಲೆಯ ಹಿಂದೆ ಪ್ರಭಾವಳಿ ಇರುವ ಹಾಗೆ. ಶಿಲುಬೆಯ ಮೇಲೆ, ದೇವರು ತನ್ನ ಕೈಬಿಟ್ಟ ಎಂದು ಕೂಗುವ ಹೊತ್ತಿಗೆ ಆ ಪಿಟೀಲುಗಳು ಇರುವುದೇ ಇಲ್ಲ. ಬಾಖ್ ಪ್ರಭಾವಳಿ ತೆಗೆದುಬಿಟ್ಟಿದ್ದಾನೆ. ಯಾರೂ ಹೇಳಿಕೊಡದೆ ಇದು ಕಿವಿಗೆ ಬಿದ್ದರೆ ಸಣ್ಣಗೆ ನಡುಕ ಬರುತ್ತೆ.

ನಡುನಡುವೆ ಕಥೆ ನಿಲ್ಲುತ್ತದೆ. ಆಗ ಒಬ್ಬ ಗಾಯಕ ಅಥವಾ ಗಾಯಕಿ ಆ ಸನ್ನಿವೇಶದ ಬಗ್ಗೆ ಒಂದು ಹಾಡು ಹಾಡುತ್ತಾರೆ, ಇಲ್ಲವೇ ಇಡೀ ಮೇಳ ಊರವರಿಗೆಲ್ಲ ಗೊತ್ತಿರುವ ಒಂದು ಭಜನೆ ಹಾಡುತ್ತದೆ. ಅಂದರೆ ವಾಚನ, ಆಮೇಲೆ ವ್ಯಾಖ್ಯಾನ! ಹೊಸಹಳ್ಳಿ ಕೇಶವಮೂರ್ತಿಗಳು ಕುಮಾರವ್ಯಾಸ ಭಾರತದ ಪದ್ಯ ಹಾಡಿ ನಿಲ್ಲಿಸುವುದು, ಮತ್ತೂರು ಕೃಷ್ಣಮೂರ್ತಿಗಳು ಅದನ್ನು ಬಿಡಿಸಿ ಹೇಳುವುದು, ಶಿವಮೊಗ್ಗ ಕಡೆಯ ಮನೆಗಳಲ್ಲಿ ಆ ಕ್ಯಾಸೆಟ್ ಕೇಳಿ ಬೆಳೆದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಒಂದೇ ವ್ಯತ್ಯಾಸ, ಇಲ್ಲಿ ವ್ಯಾಖ್ಯಾನವೂ ಹಾಡೇ.

ಆ ಭಜನೆಗಳಲ್ಲಿ ಒಂದು ಮಟ್ಟು ಇಡೀ ಕೃತಿಯಲ್ಲಿ ಐದು ಸಲ ಬರುತ್ತದೆ, ಬೇರೆ ಬೇರೆ ಶ್ರುತಿಯಲ್ಲಿ. ಮುಳ್ಳಿನ ಕಿರೀಟದ ಯೇಸುವಿನ ತಲೆಯನ್ನು ಕುರಿತದ್ದು. ತಮಾಷೆ ಏನೆಂದರೆ ಅದು ಮೂಲದಲ್ಲಿ ಪ್ರೇಮಗೀತೆ. ಹಾನ್ಸ್ ಲಿಯೋ ಹಾಸ್ಲರ್ ಎಂಬಾತ 1601ರಲ್ಲಿ ಪ್ರಕಟಿಸಿದ ಹಾಡಿನ ಮಟ್ಟನ್ನು ಆಮೇಲಿನವರು ಎತ್ತಿ ಚರ್ಚಿಗೆ ತಂದರು. ಸಿನಿಮಾ ಹಾಡಿನ ಧಾಟಿಗೆ ಅಯ್ಯಪ್ಪನ ಭಜನೆ ಕಟ್ಟುವ ನಮ್ಮ ಬೀದಿಯ ಮಂಡಳಿಯವರನ್ನು ಇನ್ನು ನಾನು ನೋಡಿ ನಗುವುದಿಲ್ಲ.

ಈಗ ಶ್ರೈಯರ್ ವಿಷಯಕ್ಕೆ ಬರೋಣ. ಅವನು ಹುಟ್ಟಿದ್ದು 1935ರಲ್ಲಿ, ಡ್ರೆಸ್ಡನ್ ಪಕ್ಕದ ಮೈಸನ್ ಪಟ್ಟಣದಲ್ಲಿ. ಪಿಂಗಾಣಿಗೆ ಹೆಸರಾದ ಊರು. ಅಪ್ಪ ಗೌವರ್ನಿಟ್ಸ್ ಎಂಬ ಹಳ್ಳಿಯಲ್ಲಿ ಮೇಷ್ಟ್ರು, ಚರ್ಚಿನ ಹಾಡುಗಾರಿಕೆಯೂ ಅವರದ್ದೇ. ಹುಡುಗನನ್ನು ಕ್ರಾಯ್ಟ್ಸ್‌ಕಿರ್ಷೆಯ ಬಾಲಕರ ಗಾಯನ ಮೇಳಕ್ಕೆ ಸೇರಿಸಿದರು. ಕ್ರಾಯ್ಟ್ಸ್‌ಕೋರ್ ಅಂತ ಅದರ ಹೆಸರು, 2016ರಲ್ಲಿ 800 ವರ್ಷ ಆಚರಿಸಿಕೊಂಡ ಮೇಳ. ಹೌದು, ಎಂಟು ನೂರು. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲದಿಂದ ಅಲ್ಲಿ ಹುಡುಗರು ಹಾಡುತ್ತಿದ್ದಾರೆ.

ಆ ಮೇಳದ ಮುಖ್ಯಸ್ಥರು ರೂಡಾಲ್ಫ್ ಮೌವರ್ಸ್‌ಬರ್ಗರ್. 1930ರಿಂದ ಅವರೇ. 1945ರ ಫೆಬ್ರವರಿ 13ರ ರಾತ್ರಿ ಬಿದ್ದ ಬಾಂಬುಗಳಿಗೆ ಮೇಳದ 11 ಹುಡುಗರು ಸತ್ತರು. ಶಾಲೆ ಸುಟ್ಟಿತು, ಸ್ವರಲಿಪಿಗಳ ಸಂಗ್ರಹ ಸುಟ್ಟಿತು, ಚರ್ಚು ಸುಟ್ಟಿತು. ಕೆಲವೇ ವಾರಗಳಲ್ಲಿ, ಆ ವರ್ಷದ ಈಸ್ಟರ್ ಹೊತ್ತಿಗೆ, ಮೌವರ್ಸ್‌ಬರ್ಗರ್ ಒಂದು ಹಾಡು ಬರೆದರು. ಹಾಳುಬಿದ್ದ ಯೆರೂಸಲೇಮಿಗಾಗಿ ಅಳುವ, ಬೈಬಲ್‌ನ 'ಪ್ರಲಾಪಗಳು' ಎಂಬ ಪುಸ್ತಕದಿಂದ ಮಾತುಗಳನ್ನು ಆಯ್ದುಕೊಂಡರು. ಆಗಸ್ಟ್ 4ರಂದು, ಒಳಗೆಲ್ಲ ಸುಟ್ಟುಹೋಗಿದ್ದ ಅದೇ ಚರ್ಚಿನಲ್ಲಿ, ಉಳಿದ ಹುಡುಗರು ಅದನ್ನು ಹಾಡಿದರು. ಆ ಬೇಸಿಗೆಯಲ್ಲೇ ಹತ್ತರ ಪೋರ ಶ್ರೈಯರ್ ಮೇಳದೊಳಗೆ ಬಂದಿದ್ದು. ಮುಂದೆ ಮೌವರ್ಸ್‌ಬರ್ಗರ್ ಅವನ ಕಂಠವನ್ನೇ ಮನಸ್ಸಿನಲ್ಲಿಟ್ಟುಕೊಂಡು ಆಲ್ಟೋ ಭಾಗಗಳನ್ನು ಬರೆದರು. ಆ ಎಳೆಯ ದನಿಯ ಧ್ವನಿಮುದ್ರಣಗಳೂ ಉಳಿದಿವೆ. ದನಿ ಒಡೆದ ಮೇಲೆ ಟೆನರ್ ಆಯಿತು. ಕಥೆ ಹೇಳುವವನ ದನಿ.

1970ರ ಧ್ವನಿಮುದ್ರಣದ ವಿಶೇಷ ಈಗ ಹೇಳ್ತೀನಿ ಕೇಳಿ. ಬಾಖ್ ಈ ಕೃತಿಯನ್ನು ಎರಡು ಮೇಳ, ಎರಡು ವಾದ್ಯವೃಂದಕ್ಕೆ ಬರೆದಿದ್ದಾನೆ. ಒಂದು ಮೇಳ ಪ್ರಶ್ನೆ ಕೇಳುತ್ತೆ, ಇನ್ನೊಂದು ಉತ್ತರ ಕೊಡುತ್ತೆ. ಇಲ್ಲಿ ಒಂದು ಮೇಳ ಡ್ರೆಸ್ಡನ್‌ನ ಈ ಹುಡುಗರದ್ದು. ಇನ್ನೊಂದು ಲೈಪ್‌ಜಿಗ್‌ನ ಥೋಮಾನರ್ ಮೇಳ, ಬಾಖ್ ತಾನೇ ನಡೆಸುತ್ತಿದ್ದ ಮೇಳ. ಅದರ ಆಗಿನ ಮುಖ್ಯಸ್ಥರು ಎರ್ಹಾರ್ಡ್ ಮೌವರ್ಸ್‌ಬರ್ಗರ್, ರೂಡಾಲ್ಫ್‌ರ ಸ್ವಂತ ತಮ್ಮ! ಎಂಬತ್ತು ದಾಟಿದ ಅಣ್ಣ, ಅರವತ್ತಾರರ ತಮ್ಮ, ಇಬ್ಬರೂ ಸೇರಿ ನಡೆಸಿದ ಧ್ವನಿಮುದ್ರಣ. ಕಥೆ ಹೇಳಲು 34ರ ಶ್ರೈಯರ್. ಯೇಸುವಾಗಿ ಥಿಯೋ ಆಡಮ್, ಅವರೂ ಒಂದು ಕಾಲದಲ್ಲಿ ಇದೇ ಕ್ರಾಯ್ಟ್ಸ್‌ಕೋರ್‌ನ ಹುಡುಗ. ಮರುವರ್ಷ ಫೆಬ್ರವರಿಯಲ್ಲಿ ರೂಡಾಲ್ಫ್ ತೀರಿಕೊಂಡರು.

ಇದೆಲ್ಲ ಆಗಿದ್ದು ಪೂರ್ವ ಜರ್ಮನಿಯಲ್ಲಿ ಅನ್ನೋದನ್ನ ಮರೆಯಬೇಡಿ. ದೇವರನ್ನು ಒಪ್ಪದ ಕಮ್ಯುನಿಸ್ಟ್ ಸರ್ಕಾರ. ಅದರ ಸರ್ಕಾರಿ ರೆಕಾರ್ಡ್ ಕಂಪನಿಯೇ ಯೇಸುವಿನ ಕಥೆಯನ್ನು ಇಷ್ಟು ಶ್ರದ್ಧೆಯಿಂದ ಮುದ್ರಿಸಿತು. ಬಾಖ್ ನಮ್ಮವನು ಎಂದು ತೋರಿಸಿಕೊಳ್ಳುವ ಹೆಮ್ಮೆ ಸರ್ಕಾರಕ್ಕೆ, ಹಾಡುವ ಅವಕಾಶ ಇವರಿಗೆ.

ಟ್ರಾಮ್‌ನಲ್ಲಿ ಕೇಳುತ್ತಾ ಹೋಗಿ ನಾನು ಸಿಕ್ಕಿಹಾಕಿಕೊಂಡಿದ್ದು ಪೇತ್ರನ ಹತ್ತಿರ. ಯೇಸುವನ್ನು ಹಿಡಿದುಕೊಂಡು ಹೋಗಿದ್ದಾರೆ. ಪ್ರಾಣ ಹೋದರೂ ನಿನ್ನ ಕೈಬಿಡಲ್ಲ ಅಂದಿದ್ದ ಶಿಷ್ಯ ಪೇತ್ರ ಅಂಗಳದಲ್ಲಿ ನಿಂತಿದ್ದಾನೆ. ಮೂರು ಸಲ ಕೇಳುತ್ತಾರೆ, ಮೂರು ಸಲವೂ ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಅನ್ನುತ್ತಾನೆ. ಕೋಳಿ ಕೂಗುತ್ತದೆ. ಪೇತ್ರನಿಗೆ ಯೇಸು ಮೊದಲೇ ಹೇಳಿದ್ದು ನೆನಪಾಗುತ್ತದೆ, ಹೊರಗೆ ಹೋಗಿ ಅಳುತ್ತಾನೆ. ಅದುವರೆಗೆ ಒಂದು ಅಕ್ಷರಕ್ಕೆ ಒಂದು ಸ್ವರ ಎಂದು ನೇರವಾಗಿ ಹೇಳುತ್ತಿದ್ದ ಶ್ರೈಯರ್, 'ಅತ್ತ' ಎಂಬ ಆ ಒಂದು ಮಾತಿಗೆ ಬಂದಾಗ ದನಿಯನ್ನು ಮೇಲಕ್ಕೆ ಒಯ್ದು, ಅಲ್ಲಿಂದ ಎಳೆದು ಇಳಿಸುತ್ತಾನೆ. ಬಾಖ್ ಬರೆದದ್ದೇ ಹಾಗೆ. ಆದರೆ ಶ್ರೈಯರ್ ಅಲ್ಲಿ ಬಿಕ್ಕುವುದಿಲ್ಲ, ದನಿ ಒಡೆಸುವುದಿಲ್ಲ. ತೆಳ್ಳಗೆ, ಶುದ್ಧವಾಗಿ ಹಾಡುತ್ತಾನೆ. ನಾನು ಇಳಿಯಬೇಕಿದ್ದ ಸ್ಟಾಪ್ ದಾಟಿಹೋಯಿತು.

ಅವತ್ತು ರಾತ್ರಿ ಅಜ್ಜನಿಗೆ ಫೋನ್ ಮಾಡಿದೆ. ನಮ್ಮಜ್ಜ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರು, 86 ವಯಸ್ಸು. ನಲವತ್ತು ವರ್ಷ ಊರ ದೇವಸ್ಥಾನದಲ್ಲಿ ಕುಮಾರವ್ಯಾಸ ಭಾರತ ವಾಚನ ಮಾಡಿದವರು. ಗ್ಲಾಕೋಮಾ ಬಂದು ಮೂರು ವರ್ಷದಿಂದ ಕಣ್ಣು ಕಾಣುವುದು ನಿಂತಿದೆ. ಕಣ್ಣಿನ ಜೊತೆಗೆ ವಾಚನವನ್ನೂ ನಿಲ್ಲಿಸಿಬಿಟ್ಟಿದ್ದರು. ಅರ್ಧ ಭಾರತ ಬಾಯಿಗೆ ಬರುತ್ತೆ. ಆದರೂ ಹಾಡಲ್ಲ. "ಪುಸ್ತಕ ಎದುರಿಗೆ ಇಲ್ದೇ ವಾಚನ ಮಾಡಬಾರ್ದು. ಒಂದು ಮಾತ್ರೆ ಆಚೀಚೆ ಆದ್ರೆ ಕವಿಗೆ ದ್ರೋಹ" ಅಂತ ಒಂದೇ ಹಟ. ಮನೆಯಲ್ಲಿ ಎಲ್ಲರೂ ಹೇಳಿ ಸೋತಿದ್ದರು.

ಅಮ್ಮ ಫೋನನ್ನು ಅಜ್ಜನ ಕಿವಿಯ ಹತ್ತಿರ ಇಟ್ಟಳು. ನಾನು ಪೇತ್ರನ ಕಥೆ ಹೇಳಿ, ಆ ಎರಡು ನಿಮಿಷ ಹಾಕಿದೆ. ಮುಗಿದ ಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ಸಿಗ್ನಲ್ ಹೋಯ್ತು ಅಂದ್ಕೊಂಡೆ.

"ಎಂತ ಭಾಷೆ ಮಾರಾಯ ಅದು?"

"ಜರ್ಮನ್, ಅಜ್ಜ."

"ಅಕ್ಷರ ಒಂದೊಂದೂ ಬಿಡಿಸಿ ಕೇಳ್ತದೆ. ನಮ್ಮಲ್ಲಿ ಈಗಿನವ್ರು ರಾಗ ಎಳೀತಾರೆ, ಸಾಹಿತ್ಯ ನುಂಗ್ತಾರೆ. ಇವ ನುಂಗ್ಲಿಲ್ಲ." ಸ್ವಲ್ಪ ಬಿಟ್ಟು, "ಅಳೋದು ಅವನ ಕೆಲಸ ಅಲ್ಲ ಅಂತ ಅವ್ನಿಗೆ ಗೊತ್ತುಂಟು. ಇನ್ನೊಂದ್ಸಲ ಹಾಕು."

ಇನ್ನೊಂದು ಸಲ ಹಾಕಿದೆ. ಮತಾಂತರದ ಸುದ್ದಿ ಓದಿದರೆ ಪೇಪರ್ ಮಡಚಿಡುತ್ತಿದ್ದ ಮನುಷ್ಯ ಇವರು. ಯೇಸುವಿನ ಕಥೆ ಎಂದು ಮುಖ ತಿರುಗಿಸಿಯಾರು ಅಂತ ನನಗೆ ಒಳಗೊಳಗೇ ಅಳುಕಿತ್ತು. ಅವರು ಆ ವಿಷಯ ಎತ್ತಲೇ ಇಲ್ಲ. ಬದಲಿಗೆ, ಕಿಟೆಲ್ ಸಾಹೇಬರೂ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಬರೆದಿದ್ದರು, ಗೊತ್ತಾ ಅಂತ ನನ್ನನ್ನೇ ಕೇಳಿದರು. ನಿಜ. ಬೆಂಗಳೂರಿನ ಎಂ.ಜಿ. ರೋಡ್‌ನಲ್ಲಿ ಪ್ರತಿಮೆಯಾಗಿ ನಿಂತಿರುವ, ನಿಘಂಟಿನ ಫರ್ಡಿನಾಂಡ್ ಕಿಟೆಲ್. 1862ರ ಆ ಪುಸ್ತಕದ ಹೆಸರು 'ಕಥಾಮಾಲೆ'. ಜರ್ಮನಿಯಿಂದ ಬಂದು ನಮ್ಮ ಛಂದಸ್ಸು ಕಲಿತು ಅದರಲ್ಲಿ ತನ್ನ ದೇವರ ಕಥೆ ಹೇಳಿದ ಮನುಷ್ಯ. ನಾನು ಎಂ.ಜಿ. ರೋಡ್‌ನಲ್ಲಿ ಮೆಟ್ರೋ ಹಿಡಿಯಲು ಓಡುವಾಗ ಆ ಪ್ರತಿಮೆಯನ್ನು ನೂರು ಸಲ ದಾಟಿದ್ದೇನೆ.

ಜನವರಿಯ ಒಂದು ಶನಿವಾರ ಲೈಪ್‌ಜಿಗ್‌ಗೆ ಹೋದೆ. ಡ್ರೆಸ್ಡನ್‌ನಿಂದ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಬಾಖ್ 1723ರಿಂದ 1750ರಲ್ಲಿ ಸಾಯುವವರೆಗೆ ಅಲ್ಲಿನ ಥೋಮಾಸ್‌ಕಿರ್ಷೆಯ ಸಂಗೀತದ ಹೊಣೆ ಹೊತ್ತಿದ್ದ. ಈ ಪ್ಯಾಶನ್ ಮೊದಲು ಕೇಳಿಸಿದ್ದೂ ಅಲ್ಲೇ, 1727ರ ಗುಡ್ ಫ್ರೈಡೇಯಂದು. ಆಮೇಲೆ ಅವನು ಮಾಡಿಟ್ಟ ಶುದ್ಧಪ್ರತಿಯಲ್ಲಿ ಬೈಬಲ್‌ನ ಮಾತುಗಳನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾನೆ. ಅಜ್ಜನಿಗೆ ಇದನ್ನು ಹೇಳಿದಾಗ, "ಮತ್ತೆ? ಮೂಲ ಬೇರೆ, ಟೀಕು ಬೇರೆ" ಅಂದರು, ಇದರಲ್ಲೇನು ದೊಡ್ಡ ವಿಷಯ ಎಂಬ ಹಾಗೆ.

ಚರ್ಚಿನ ಹೊರಗೆ ಬಾಖ್‌ನ ದೊಡ್ಡ ಪ್ರತಿಮೆ ಇದೆ. ಕೋಟಿನ ಒಂದು ಜೇಬು ಹೊರಕ್ಕೆ ಮಗುಚಿಕೊಂಡಿರುತ್ತದೆ, ಗಮನಿಸಿ. ಜೇಬು ಯಾವಾಗಲೂ ಖಾಲಿ ಅಂತ ಊರವರ ತಮಾಷೆ. ಒಳಗೆ ಬಾಖ್‌ನ ಸಮಾಧಿ, ನೆಲಕ್ಕೆ ಹಾಸಿದ ಒಂದು ಹಲಗೆ, ಮೇಲೆ ಹೆಸರು ಮಾತ್ರ. 1950ರಲ್ಲಿ ಅವಶೇಷಗಳನ್ನು ಅಲ್ಲಿಗೆ ತಂದರಂತೆ. ಜನ ಹೂವಿಟ್ಟು ಹೋಗುತ್ತಾರೆ. ನೀವು ಹೋಗುವುದಾದರೆ ಶುಕ್ರವಾರ ಸಂಜೆ ಆರಕ್ಕೆ ಇಲ್ಲವೇ ಶನಿವಾರ ಮಧ್ಯಾಹ್ನ ಮೂರಕ್ಕೆ ಹೋಗಿ. ಆಗ 'ಮೊಟೆಟ್' ಎಂಬ ಪ್ರಾರ್ಥನಾ ಸಂಗೀತ ಇರುತ್ತದೆ. ಮೇಳ ಊರಲ್ಲಿದ್ದರೆ ಆ ಹುಡುಗರೇ ಹಾಡುತ್ತಾರೆ. ಟಿಕೆಟ್ಟು ಅಲ್ಲಿನ ಒಂದು ಕಾಫಿಯ ಬೆಲೆಗಿಂತ ಹೆಚ್ಚಿಲ್ಲ, ಬೇಗ ಹೋಗಿ ಸಾಲಲ್ಲಿ ನಿಲ್ಲಬೇಕು. ಹಾಡುವವರು ನಿಮ್ಮ ಬೆನ್ನ ಹಿಂದೆ, ಮೇಲೆ ಆರ್ಗನ್ ಪಕ್ಕದ ಗ್ಯಾಲರಿಯಲ್ಲಿರುತ್ತಾರೆ. ತಿರುಗಿ ನೋಡಿದರೂ ಕಾಣುವುದು ಕಷ್ಟ. ನೋಡಲು ಏನೂ ಇಲ್ಲದೆ ಬರೀ ಕೇಳುತ್ತಾ ಒಂದು ಗಂಟೆ ಕೂತು ಎಷ್ಟು ಕಾಲ ಆಗಿತ್ತೋ!

ಡ್ರೆಸ್ಡನ್‌ನಲ್ಲಿ ನಾನು ಹುಡುಕಿಕೊಂಡು ಹೋದ ಇನ್ನೊಂದು ಜಾಗ ಲೂಕಾಸ್‌ಕಿರ್ಷೆ. ಮುಖ್ಯ ರೈಲು ನಿಲ್ದಾಣದಿಂದ ದಕ್ಷಿಣಕ್ಕೆ ಹೆಚ್ಚೆಂದರೆ ಹದಿನೈದು ನಿಮಿಷದ ನಡಿಗೆ. ಟೂರಿಸ್ಟ್ ಮ್ಯಾಪ್‌ನಲ್ಲಿ ಇದಕ್ಕೆ ಜಾಗವಿಲ್ಲ. ಗೋಪುರದ ತುದಿ 1945ರಲ್ಲಿ ಹೋದದ್ದು ಮತ್ತೆ ಬರಲಿಲ್ಲ, ಟೋಪಿ ಕಳೆದುಕೊಂಡವನ ಹಾಗೆ ನಿಂತಿದೆ. ಆದರೆ ಶಾಸ್ತ್ರೀಯ ಸಂಗೀತದ ರೆಕಾರ್ಡ್ ಸಂಗ್ರಹಿಸುವವರಿಗೆ ಇದು ಯಾತ್ರಾಸ್ಥಳ. 1960ರ ದಶಕದಿಂದ ಇದನ್ನು ಧ್ವನಿಮುದ್ರಣ ಸ್ಟುಡಿಯೋ ಆಗಿಯೂ ಬಳಸಿದರು. ಕರಾಯನ್, ಕಾರ್ಲೋಸ್ ಕ್ಲೈಬರ್ ಮುಂತಾದ ದಿಗ್ಗಜರು ಇಲ್ಲಿಗೆ ಬಂದು ಮುದ್ರಿಸಿಕೊಂಡು ಹೋಗಿದ್ದಾರೆ. 1984ರಲ್ಲಿ ಶ್ರೈಯರ್ ಇದೇ ಪ್ಯಾಶನ್ನನ್ನು ಇಲ್ಲಿ ಮತ್ತೆ ಮುದ್ರಿಸಿದ. ಈ ಸಲ ವಾದ್ಯವೃಂದವನ್ನು ನಡೆಸಿದವನೂ ಅವನೇ, ಕಥೆ ಹೇಳಿದವನೂ ಅವನೇ. ನಾನು ಹೋದಾಗ ಬಾಗಿಲು ಹಾಕಿತ್ತು. ಎದುರಿನ ಬೆಂಚಿನಲ್ಲಿ ಕೂತು, ಕೈಗವಸು ಹಾಕಿಕೊಂಡೇ ಮೊಬೈಲ್ ಒತ್ತಲು ಒದ್ದಾಡಿ, ಎರಡನ್ನೂ ಒಂದರ ಹಿಂದೊಂದು ಕೇಳಿದೆ.

1984ರದ್ದರಲ್ಲಿ 49ರ ಶ್ರೈಯರ್ ಕಥೆಯೊಳಗೆ ಇಳಿದುಬಿಟ್ಟಿದ್ದಾನೆ. ಮಾತುಗಳಿಗೆ ಹಲ್ಲು ಬಂದಿದೆ, ಓಟ ಜೋರು, ಸಿಟ್ಟೂ ಕಾಣುತ್ತೆ. ಬಹಳ ಜನ ಇದನ್ನೇ ಮೆಚ್ಚುತ್ತಾರೆ. ನನ್ನ ಮತ 1970ಕ್ಕೆ. ಅಲ್ಲಿ ಅವನು ಇನ್ನೂ ಅಂಗಳದಾಚೆ ನಿಂತು ನೋಡುತ್ತಿರುವ ಸಾಕ್ಷಿ. ಅಣ್ಣತಮ್ಮಂದಿರ ಗತಿ ಹಳೆಯ ಕಾಲದ್ದು, ನಿಧಾನ. ಈಗಿನ ಕಿವಿಗೆ ಕೆಲವೆಡೆ ಭಾರ ಅನಿಸಬಹುದು. ಆದರೆ ಹುಡುಗರ ದನಿಯಲ್ಲಿ ಬರುವ ಆ ಭಜನೆಗಳಿವೆಯಲ್ಲ, ವೃತ್ತಿಪರ ಗಾಯಕಿಯರು ಎಷ್ಟು ಚೆನ್ನಾಗಿ ಹಾಡಿದರೂ ಆ ಸಪೂರ ಬಿಳುಪು ಬರುವುದಿಲ್ಲ.

ಒಂದು ಕಿರಿಕಿರಿಯ ಸಂಗತಿಯನ್ನೂ ಹೇಳಬೇಕು. ಕಥೆಯಲ್ಲಿ ಪಿಲಾತ, ಯಾರನ್ನು ಬಿಡಲಿ ಅಂತ ಗುಂಪನ್ನು ಕೇಳುತ್ತಾನೆ. ಎರಡೂ ಮೇಳಗಳು ಒಟ್ಟಿಗೆ ಒಂದೇ ಹೆಸರು ಕೂಗುತ್ತವೆ, ಬರಬ್ಬ. ಒಂದೇ ಕರ್ಕಶ ಸ್ವರಗುಚ್ಛ, ಮುಗೀತು. ಹಿಂಸೆಗೆ ಹಾತೊರೆಯುವ ಗುಂಪಿನ ಸದ್ದನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಬರೆದಿರಲಾರರು. ಆದರೆ ಆ ಗುಂಪು ಯೆಹೂದಿಗಳದ್ದು ಅಂತ ಕಥೆ. ಆ ರಕ್ತದ ಪಾಪ ತಮ್ಮ ಮಕ್ಕಳ ಮೇಲಿರಲಿ ಎಂದು ಅವರಿಂದಲೇ ಹೇಳಿಸುತ್ತದೆ. ಆ ವಾಕ್ಯವನ್ನು ಹಿಡಿದುಕೊಂಡು ಯುರೋಪಿನಲ್ಲಿ ಯೆಹೂದಿಗಳನ್ನು ಶತಮಾನಗಟ್ಟಲೆ ಬಡಿದಿದ್ದಾರೆ. ಡ್ರೆಸ್ಡನ್‌ನಲ್ಲೇ ಎಲ್ಬೆ ನದಿಯ ಹತ್ತಿರ ಇದ್ದ ಸಿನಗಾಗ್ ಅನ್ನು 1938ರ ನವೆಂಬರ್ 9ರ ರಾತ್ರಿ ಸುಟ್ಟರು. ಬ್ರಿಟಿಷರ ಬಾಂಬಲ್ಲ, ಊರಿನೊಳಗಿನ ಬೆಂಕಿ. ರೂಡಾಲ್ಫ್ ಮೌವರ್ಸ್‌ಬರ್ಗರ್ ಕೂಡ 1933ರಲ್ಲಿ ನಾಜಿ ಪಕ್ಷದ ಸದಸ್ಯತ್ವ ಪಡೆದವರೇ. ಇದನ್ನು ನನಗೆ ಹೇಳಿದ್ದು ಅದೇ ಹಿರಿಯ ಸಹೋದ್ಯೋಗಿ, ಏನನ್ನೂ ಮುಚ್ಚದೆ, ಸಮರ್ಥನೆಯನ್ನೂ ಕೊಡದೆ. ಹನ್ನೊಂದು ಹುಡುಗರಿಗಾಗಿ ಅತ್ತ ಆ ಹಾಡೂ ಈ ಸದಸ್ಯತ್ವವೂ ಒಬ್ಬನೇ ಮನುಷ್ಯನವು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಕೇಳುವುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ.

ಫೆಬ್ರವರಿ 13ರ ಸಂಜೆ ನಾನು ಊರಿನಲ್ಲೇ ಇದ್ದೆ. ಆ ದಾಳಿಯಲ್ಲಿ ಸತ್ತವರು 25,000ದವರೆಗೆ ಎಂದು ನಗರಾಡಳಿತ ನೇಮಿಸಿದ್ದ ಇತಿಹಾಸಕಾರರ ತಂಡ 2010ರಲ್ಲಿ ಹೇಳಿತು. ಲಕ್ಷಗಟ್ಟಲೆ ಎಂದು ಉಬ್ಬಿಸಿ, ಜರ್ಮನರೇ ನಿಜವಾದ ಬಲಿಪಶುಗಳು ಎಂದು ಮೆರವಣಿಗೆ ಮಾಡುವ ನವನಾಜಿಗಳು ಪ್ರತಿವರ್ಷ ಬರುತ್ತಾರೆ. ಅದಕ್ಕೆ ಉತ್ತರವಾಗಿ ಊರಿನ ಜನ ಕೈಕೈ ಹಿಡಿದು ಹಳೆಯ ಊರನ್ನು ಸುತ್ತುವರಿದು ನಿಲ್ಲುತ್ತಾರೆ. ನನ್ನ ಎಡಗೈ ಒಬ್ಬ ಕಾಲೇಜು ಹುಡುಗಿಯ ಗ್ಲೌಸಿನಲ್ಲಿ, ಬಲಗೈ ನಮ್ಮ ಸಹೋದ್ಯೋಗಿಯ ಕೈಯಲ್ಲಿ. ಯಾರೂ ಘೋಷಣೆ ಕೂಗಲಿಲ್ಲ. ರಾತ್ರಿ ಒಂಬತ್ತೂ ಮುಕ್ಕಾಲಿಗೆ ಊರಿನ ಚರ್ಚುಗಳ ಗಂಟೆಗಳೆಲ್ಲ ಒಟ್ಟಿಗೆ ಶುರುವಾದವು. ಅವತ್ತು ಸೈರನ್ ಕೂಗಿದ ಹೊತ್ತು ಅದು. ಕ್ರಾಯ್ಟ್ಸ್‌ಕಿರ್ಷೆಯ ಗಂಟೆಯ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ.

ಶ್ರೈಯರ್ ತೀರಿಕೊಂಡಿದ್ದು 2019ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನವೇ, ಡ್ರೆಸ್ಡನ್‌ನಲ್ಲಿ. ಹಾಡು ನಿಲ್ಲಿಸಿದ್ದು 2005ರಲ್ಲಿ, ಪ್ರಾಗ್‌ನಲ್ಲಿ, ಬಾಖ್‌ನ ಕ್ರಿಸ್‌ಮಸ್ ಕೃತಿಯಲ್ಲಿ ಕಥೆ ಹೇಳುತ್ತಲೇ. ಅಂತಿಮ ವಿದಾಯ ನಡೆದದ್ದು ಆ ಬೂದು ಗಾರೆಯ ಗೋಡೆಗಳ ನಡುವೆ.

ಮಾರ್ಚ್ ಕೊನೆಗೆ ನಾನು ವಾಪಸ್ ಬಂದು, ಯುಗಾದಿಗೆ ಊರಿಗೆ ಹೋದೆ. ಒಂದು ಸಣ್ಣ ಸ್ಪೀಕರ್ ಒಯ್ದಿದ್ದೆ. ಮೂರು ಮಧ್ಯಾಹ್ನ, ಊಟವಾದ ಮೇಲೆ, ಜಗಲಿಯಲ್ಲಿ ಅಜ್ಜ ಪೂರ್ತಿ ಕೇಳಿದರು. ಕಥೆಯನ್ನು ನಾನು ಮುಂಚೆಯೇ ಹೇಳುತ್ತಿದ್ದೆ, ನನ್ನದೇ ಮುರುಕು ವ್ಯಾಖ್ಯಾನ. ಅಜ್ಜಿ, "ಇದೆಂಥ ಗೋಳು ರಾಗ" ಅಂತ ಎರಡನೇ ದಿನ ಎದ್ದು ಒಳಗೆ ಹೋದಳು. ಅಜ್ಜ ಕೊನೆಯವರೆಗೂ ಕೂತಿದ್ದರು.

ಮುಗಿದ ಮೇಲೆ ಕೇಳಿದರು, "ಅವ ಪುಸ್ತಕ ನೋಡಿ ಹಾಡ್ತಿದ್ನಾ, ಬಾಯಿಪಾಠವಾ?"

"ಧ್ವನಿಮುದ್ರಣಕ್ಕೆ ಎದುರಿಗೆ ಪುಸ್ತಕ ಇಟ್ಕೊಂಡೇ ಹಾಡೋದು, ಅಜ್ಜ."

"ಹ್ಞೂಂ. ಇಟ್ಕೋಬೇಕು."

ಮಾರನೇ ದಿನ ಬೆಳಗ್ಗೆ ಕಾಫಿ ಕುಡಿದು, ನನ್ನ ಅತ್ತೆಯ ಮೊಮ್ಮಗನನ್ನು ಕರೆದರು. ಒಂಬತ್ತು ವರ್ಷ, ಬೆಂಗಳೂರಿನ ಇಂಗ್ಲಿಷ್ ಮೀಡಿಯಂ, ಹಬ್ಬಕ್ಕೆ ಬಂದಿದ್ದವನು. ದೇವರ ಕೋಣೆಯ ಅಟ್ಟದಿಂದ ಭಾರತ ತರಿಸಿ, ಕರ್ಣಪರ್ವ ತೆಗೆ ಅಂದರು. "ನೀ ಒಂದು ಸಾಲು ಓದು. ಕಣ್ಣು ನಿಂದು, ಬಾಯಿ ನಂದು. ತಪ್ಪು ಓದಿದ್ರೆ ನಾನೂ ತಪ್ಪು ಹಾಡ್ತೇನೆ, ನೋಡ್ಕೊ." ಹುಡುಗ ಒತ್ತಕ್ಷರಗಳ ಮೇಲೆ ಎಡವುತ್ತಾ, ಬೆರಳಿಟ್ಟುಕೊಂಡು ಓದಿದ. ಅಜ್ಜ ಕಾದರು. ಅವನು ಸಾಲು ಮುಗಿಸಿದ ಮೇಲೆ, ಅದೇ ಸಾಲನ್ನು ಎತ್ತಿಕೊಂಡರು. ಮೂರು ವರ್ಷದ ತುಕ್ಕು ದನಿಯಲ್ಲಿತ್ತು. ಮೇಲೆ ಹೋಗುವಾಗ ಒಡೆಯಿತು, ಕೆಮ್ಮು ಬಂತು. ನೀರು ಕುಡಿದು ಮತ್ತೆ ಶುರು ಮಾಡಿದರು. ಅಡುಗೆಮನೆಯಲ್ಲಿ ಮಿಕ್ಸರ್ ನಿಂತಿತು.

ನಾಲ್ಕನೆಯ ಪದ್ಯದ ಹೊತ್ತಿಗೆ ಹುಡುಗ ತಲೆಯೆತ್ತಿ, "ಮುತ್ತಜ್ಜ, ಹಳಹಳಿಸು ಅಂದ್ರೆ ಏನು?" ಅಂತ ಕೇಳಿದ.

ಅಜ್ಜ ಹಾಡು ನಿಲ್ಲಿಸಿ, ಕನ್ನಡಕವಿಲ್ಲದ ಮುಖವನ್ನು ಅವನ ಕಡೆ ತಿರುಗಿಸಿ, ಅರ್ಥ ಹೇಳಲು ಶುರು ಮಾಡಿದರು.